ಹೊಸ ಪ್ರೊಸೆಸರ್‌ಗೆ ಹಳೆಯ ಪ್ಲಗಿನ್

ಪ್ರಶ್ನೆ: ನಾನು ಬರೆದ, ಧ್ವನಿಗೆ ಅನುರಣನ ಸೇರಿಸುವ ರಿವರ್ಬ್ ಪ್ಲಗಿನ್, ಎಂ1 ಮ್ಯಾಕ್‌ನಲ್ಲಿ ರೆಕಾರ್ಡಿಂಗ್ ತಂತ್ರಾಂಶವನ್ನು ರೊಸೆಟ್ಟಾ (ಇಂಟೆಲ್ ಪ್ರೊಸೆಸರ್‌ಗೆ ಕಟ್ಟಿದ ಸಂಕೇತವನ್ನು ಭಾಷಾಂತರಿಸಿ ಓಡಿಸುವ ಆಪಲ್‌ನ ವ್ಯವಸ್ಥೆ) ಮೂಲಕ ತೆರೆದರೆ ಮಾತ್ರ ಕಾಣಿಸುತ್ತದೆ. ಮತ್ತೆ ಕಂಪೈಲ್ ಮಾಡಿದರೆ ಸಾಕೇ?

ಉತ್ತರ: ಅದು ಮೊದಲ ಹೆಜ್ಜೆ ಮಾತ್ರ. ಒಂದೇ ಪ್ರೊಸೆಸ್‌ನಲ್ಲಿ ಎರಡು ಬಗೆಯ ಯಂತ್ರಸಂಕೇತ ಬೆರೆಯುವಂತಿಲ್ಲವಾದ್ದರಿಂದ, ಆರ್ಮ್ (ಎಂ1 ಬಳಸುವ ಪ್ರೊಸೆಸರ್ ಆರ್ಕಿಟೆಕ್ಚರ್) ರೂಪದಲ್ಲಿ ಓಡುವ ತಂತ್ರಾಂಶವು ಇಂಟೆಲ್‌ಗಷ್ಟೇ ಕಟ್ಟಿದ ಪ್ಲಗಿನ್ನನ್ನು ನೇರವಾಗಿ ಲೋಡ್ ಮಾಡಿಕೊಳ್ಳಲಾರದು. ಆಪಲ್‌ನ ಅಭಿವೃದ್ಧಿ ಸಾಧನವಾದ ಎಕ್ಸ್‌ಕೋಡ್ 12.2 ಅಥವಾ ನಂತರದ ಆವೃತ್ತಿಯಲ್ಲಿ ಯೂನಿವರ್ಸಲ್ ಬೈನರಿ (ಇಂಟೆಲ್, ಆರ್ಮ್ ಎರಡರ ಸಂಕೇತವೂ ಇರುವ ಒಂದೇ ಕಡತ) ಕಟ್ಟಿ, ಲಿಪೋ ಆದೇಶದಿಂದ ಎರಡೂ ಆರ್ಕಿಟೆಕ್ಚರ್‌ಗಳಿವೆಯೇ ಎಂದು ಪರೀಕ್ಷಿಸಿ. ಜೊತೆಗೆ ಸೇರಿಸಿದ ಲೈಬ್ರರಿಗಳಿಗೂ ಇದೇ ನಿಯಮ. ಎಸ್‌ಎಸ್‌ಇ (ಹಲವು ಸಂಖ್ಯೆಗಳನ್ನು ಒಟ್ಟಿಗೆ ಲೆಕ್ಕಿಸುವ ಇಂಟೆಲ್ ಸೂಚನೆಗಳು) ಕೈಯಾರೆ ಬರೆದಿದ್ದರೆ, ಆರ್ಮ್ ಭಾಗದಲ್ಲಿ ಅವನ್ನು ಆರ್ಮ್‌ನ ಅಂಥದೇ ಸೂಚನೆಗಳಾದ ನಿಯಾನ್‌ಗೆ ಬದಲಿಸಬೇಕು.

ನನ್ನ ಮಟ್ಟಿಗೆ ನಿಜವಾದ ಅಪಾಯವಿರುವುದು ಥ್ರೆಡ್‌ಗಳ, ಅಂದರೆ ಪ್ಲಗಿನ್ನಿನೊಳಗೆ ಏಕಕಾಲಕ್ಕೆ ಓಡುವ ಕೆಲಸದ ಎಳೆಗಳ ನಡುವೆ. ನಿಮ್ಮ ಪರದೆಯ ಥ್ರೆಡ್ ಹೊಸ ಮೌಲ್ಯಗಳನ್ನು ಬಫರ್‌ಗೆ ಬರೆದು, ಬಳಿಕ 'ಸಿದ್ಧ' ಎಂಬ ಗುರುತನ್ನು ಏರಿಸುತ್ತದೆ ಎಂದುಕೊಳ್ಳಿ. ಇಂಟೆಲ್‌ನಲ್ಲಿ ಈ ಬರಹಗಳು ಅದೇ ಕ್ರಮದಲ್ಲಿ ಆಡಿಯೋ ಥ್ರೆಡ್‌ಗೆ ಕಾಣುತ್ತವೆ, ರೊಸೆಟ್ಟಾ ಕೂಡ ಆ ಕ್ರಮವನ್ನು ಕಾಪಾಡುತ್ತದೆ. ಆರ್ಮ್‌ನಲ್ಲಾದರೋ ಗುರುತು ಮೊದಲು ಕಂಡು, ಹಳೆಯ ಮೌಲ್ಯವೇ ಓದಲ್ಪಟ್ಟು, ಆಗೊಮ್ಮೆ ಈಗೊಮ್ಮೆ ಮಾತ್ರ ಕೇಳಿಸುವ ಚಟಪಟ ಸದ್ದು ಹುಟ್ಟಬಹುದು. ಆದ್ದರಿಂದ ಗುರುತನ್ನು ಅಟಾಮಿಕ್ (ಥ್ರೆಡ್‌ಗಳು ಸುರಕ್ಷಿತವಾಗಿ ಹಂಚಿಕೊಳ್ಳಬಲ್ಲ ಬಗೆಯ ಚರ) ಆಗಿಸಿ, ಹಿಂದಿನ ಬರಹಗಳು ಅದಕ್ಕಿಂತ ಮೊದಲೇ ಕಾಣುವಂತೆ ಮಾಡುವ ರಿಲೀಸ್ ಕ್ರಮದಲ್ಲಿ ಬರೆದು, ಮುಂದಿನ ಓದುಗಳು ಅದಕ್ಕಿಂತ ಮೊದಲು ನಡೆಯದಂತೆ ತಡೆಯುವ ಅಕ್ವೈರ್ ಕ್ರಮದಲ್ಲಿ ಓದಿ.