ಗ್ಯಾಸ್ ಮಾತ್ರೆ, ಗ್ಯಾಸ್ಟ್ರಿನ್ ಮತ್ತು ಅಪ್ಪನ ಹೊಟ್ಟೆ

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 64 ವರ್ಷ. 8 ವರ್ಷದಿಂದ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಪ್ಯಾಂಟೊಪ್ರಜೋಲ್ ಅನ್ನೋ ಗ್ಯಾಸ್ ಮಾತ್ರೆ ನುಂಗುತ್ತಾರೆ. ಯಾಕೆ ಶುರು ಮಾಡಿದರು ಅಂತ ಅವರಿಗೇ ನೆನಪಿಲ್ಲ. ಈ ಮಾತ್ರೆಯಿಂದ ಗ್ಯಾಸ್ಟ್ರಿನ್ ಅನ್ನೋ ಹಾರ್ಮೋನು ಜಾಸ್ತಿಯಾಗುತ್ತದೆ, ಅದು ಹೊಟ್ಟೆಯ ಕ್ಯಾನ್ಸರ್ ಕಣಗಳನ್ನು ಬೆಳೆಸುತ್ತದೆ ಅಂತ ನನ್ನ ತಮ್ಮ ಎಲ್ಲೋ ಓದಿ ಮನೆಯಲ್ಲಿ ಗಲಾಟೆ ಎಬ್ಬಿಸಿದ್ದಾನೆ. ನಾಳೆಯಿಂದಲೇ ನಿಲ್ಲಿಸಿಬಿಡೋಣವಾ?
– ಓದುಗರು, ದಾವಣಗೆರೆ

ಉತ್ತರ: ನಾಳೆಯಿಂದಲೇ ಬೇಡ. ನಿಮ್ಮ ತಮ್ಮ ಓದಿದ್ದು ಸುಳ್ಳಲ್ಲ, ಅರ್ಧ ಕಥೆ ಅಷ್ಟೆ.

ಮದುವೆ ಮನೆಯ ಪಂಕ್ತಿಯಲ್ಲಿ ನಿಂತು ಅಡುಗೆಮನೆ ಕಡೆ ತಿರುಗಿ "ಸಾರು ಬರಲಿ" ಅಂತ ಕೂಗುವವನೊಬ್ಬ ಇರುತ್ತಾನಲ್ಲ, ಜಠರದಲ್ಲಿ ಆ ಕೆಲಸ ಗ್ಯಾಸ್ಟ್ರಿನ್‌ನದು. ಜಠರದ ಕೆಳತುದಿಯಲ್ಲಿ ಜಿ ಕಣಗಳು ಅಂತ ಇವೆ. ಊಟ, ಅದರಲ್ಲೂ ಪ್ರೊಟೀನು, ಅಲ್ಲಿಗೆ ಬಂದ ಕೂಡಲೇ ಇವು ಗ್ಯಾಸ್ಟ್ರಿನ್ ಅನ್ನು ರಕ್ತಕ್ಕೆ ಬಿಡುತ್ತವೆ. ಅದು ಮೈಯೆಲ್ಲ ಒಂದು ಸುತ್ತು ಹೊಡೆದು ಜಠರದ ಮೇಲ್ಭಾಗಕ್ಕೆ ಬಂದು ಇಸಿಎಲ್ ಅನ್ನುವ ಕಣಗಳನ್ನು ಎಬ್ಬಿಸುತ್ತದೆ, ಅವು ಹಿಸ್ಟಮಿನ್ ಬಿಡುತ್ತವೆ, ಹಿಸ್ಟಮಿನ್ ತಾಗಿದ ಪಕ್ಕದ ಕಣಗಳು ಆಸಿಡ್ ಸುರಿಸುತ್ತವೆ. ಆಸಿಡ್ ಸಾಕಷ್ಟಾದ ಮೇಲೆ ಸೊಮ್ಯಾಟೊಸ್ಟ್ಯಾಟಿನ್ ಅನ್ನುವ ಇನ್ನೊಂದು ಹಾರ್ಮೋನು ಬಂದು ಕೂಗುವವನ ಬಾಯಿ ಮುಚ್ಚಿಸುತ್ತದೆ.

ಗ್ಯಾಸ್ ಮಾತ್ರೆ ಮುಚ್ಚುವುದು ಬಾಯನ್ನಲ್ಲ, ಅಡುಗೆಮನೆಯ ಬಾಗಿಲನ್ನು. ಸಾರು ಬರಲಿಲ್ಲ ಅಂತ ಇವನು ಇನ್ನೂ ಜೋರಾಗಿ ಕೂಗುತ್ತಾನೆ. ದಿನಾ ಮಾತ್ರೆ ತೆಗೆದುಕೊಳ್ಳುವವರಲ್ಲಿ ಗ್ಯಾಸ್ಟ್ರಿನ್ ಎರಡರಿಂದ ನಾಲ್ಕು ಪಟ್ಟು ಏರುವುದು ಸಾಮಾನ್ಯ.

ತೊಂದರೆ ಎಲ್ಲಿ ಅಂದರೆ, ಆ ಕೂಗಿಗೆ ಇನ್ನೊಂದು ಅರ್ಥವೂ ಇದೆ: "ಭಟ್ಟರು ಸಾಲುತ್ತಿಲ್ಲ, ಇನ್ನಷ್ಟು ಜನರನ್ನು ಕರೆಸಿ." ಗ್ಯಾಸ್ಟ್ರಿನ್ ಜಠರದ ಒಳಪದರವನ್ನು ಬೆಳೆಸುವ ಹಾರ್ಮೋನು ಕೂಡ. ಕಣದ ಮೈಮೇಲೆ ಸಿಸಿಕೆ-2 ಅನ್ನುವ ರಿಸೆಪ್ಟರ್ ಇದ್ದರೆ ಅದಕ್ಕೆ ಈ ಕೂಗು ಕೇಳಿಸುತ್ತದೆ. ಕೇಳಿಸಿದ ಕಣ ಬೇಗ ಬೇಗ ಒಡೆದು ಎರಡಾಗುತ್ತದೆ, ಸಾಯಬೇಕಾದ ಹೊತ್ತಿಗೆ ಸಾಯದೆ ಉಳಿಯುತ್ತದೆ. ಕೆಲವು ಜಠರ ಕ್ಯಾನ್ಸರ್ ಕಣಗಳಲ್ಲಿ ಈ ರಿಸೆಪ್ಟರ್ ಇರುತ್ತದೆ, ಇನ್ನು ಕೆಲವು ತಮಗೆ ಬೇಕಾದ ಗ್ಯಾಸ್ಟ್ರಿನ್ ತಾವೇ ಮಾಡಿಕೊಳ್ಳುತ್ತವೆ, ಅಂದರೆ ತಾವೇ ಕೂಗಿ ತಾವೇ ಓಗೊಡುತ್ತವೆ. ಆದರೆ ಎಲ್ಲ ಕ್ಯಾನ್ಸರ್ ಕಣಕ್ಕೂ ಆ ಕಿವಿ ಇಲ್ಲ. ಪ್ರಯೋಗಾಲಯಗಳಲ್ಲಿ ಬಹಳ ಬಳಸುವ ಎಜಿಎಸ್ ಅನ್ನುವ ಜಠರ ಕ್ಯಾನ್ಸರ್ ಕಣಗಳಿಗೆ ಎಷ್ಟೋ ಪ್ರಯೋಗಗಳಲ್ಲಿ ಮೊದಲು ಈ ರಿಸೆಪ್ಟರ್ ಅನ್ನು ಹೊರಗಿನಿಂದ ತಂದು ಸೇರಿಸುತ್ತಾರೆ, ಆಮೇಲೆ ಗ್ಯಾಸ್ಟ್ರಿನ್ ಹಾಕಿ ನೋಡುತ್ತಾರೆ. ಕಿವಿ ಹಚ್ಚಿದ ಮೇಲೆ ಕೇಳದೆ ಇರುತ್ತದೆಯೇ! ಸುದ್ದಿಯಾಗುವಾಗ ಈ ವಿವರ ಉದುರಿಹೋಗುತ್ತದೆ.

ಇಲಿಗಳ ಕಥೆ ಇನ್ನೂ ಮಜವಾಗಿದೆ. ಹುಟ್ಟಿನಿಂದಲೇ ಗ್ಯಾಸ್ಟ್ರಿನ್ ಹೆಚ್ಚಿರುವಂತೆ ತಳಿ ಮಾಡಿದ ಇಲಿಗಳಿಗೆ ವಯಸ್ಸಾದ ಮೇಲೆ ಜಠರದ ಕ್ಯಾನ್ಸರ್ ಬಂತು. ಹೆಲಿಕೋಬ್ಯಾಕ್ಟರ್ ಜಾತಿಯ ಬ್ಯಾಕ್ಟೀರಿಯಾ ಸೋಂಕು ಕೊಟ್ಟರೆ ಇನ್ನೂ ಬೇಗ ಬಂತು. ಸರಿ, ಗ್ಯಾಸ್ಟ್ರಿನ್ನೇ ಕಳ್ಳ ಅಂದುಕೊಂಡರೆ, ಗ್ಯಾಸ್ಟ್ರಿನ್ ಒಂಚೂರೂ ಇಲ್ಲದಂತೆ ಮಾಡಿದ ಇಲಿಗಳ ಜಠರದ ಕೆಳತುದಿಯಲ್ಲೂ ಗಡ್ಡೆ ಬಂತು! ಆಸಿಡ್ ಇಲ್ಲದ ಜಠರದಲ್ಲಿ ಕಂಡಕಂಡ ಬ್ಯಾಕ್ಟೀರಿಯಾ ಬೀಡುಬಿಟ್ಟು ಉರಿಯೂತ ಎಬ್ಬಿಸುತ್ತವೆ.

ಮನುಷ್ಯರಲ್ಲೂ ಹೀಗೇ. ಜಪಾನಿನಲ್ಲಿ 1526 ಜನರನ್ನು ಸುಮಾರು 8 ವರ್ಷ ಎಂಡೋಸ್ಕೋಪಿ ಮಾಡುತ್ತಾ ಗಮನಿಸಿ 2001ರಲ್ಲಿ ಪ್ರಕಟಿಸಿದರು. ಎಚ್. ಪೈಲೋರಿ ಅನ್ನುವ ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಾದ ಸೋಂಕಿದ್ದ 1246 ಜನರಲ್ಲಿ 36 ಮಂದಿಗೆ ಜಠರ ಕ್ಯಾನ್ಸರ್ ಬಂತು, ಸೋಂಕಿಲ್ಲದವರಲ್ಲಿ ಒಬ್ಬರಿಗೂ ಇಲ್ಲ. ಇನ್ನೂ ಸೋಜಿಗ ಅಂದರೆ, ಸೋಂಕಿದ್ದೂ ಸಣ್ಣಕರುಳಿನ ಬಾಯಲ್ಲಿ ಹುಣ್ಣಾಗಿದ್ದವರಲ್ಲಿ ಒಬ್ಬರಿಗೂ ಬರಲಿಲ್ಲ. ಈ ಹುಣ್ಣಿನವರಲ್ಲಿ ಸಾಮಾನ್ಯವಾಗಿ ಗ್ಯಾಸ್ಟ್ರಿನ್ ಜಾಸ್ತಿ, ಆಸಿಡ್ಡೂ ಜಾಸ್ತಿ. ಕ್ಯಾನ್ಸರ್ ಬರುವುದು ಹೆಚ್ಚಾಗಿ ಒಳಪದರ ಸವೆದು ಆಸಿಡ್ ಬತ್ತಿದ ಜಠರದಲ್ಲಿ. ಹಾಗಾಗಿ ನನ್ನ ಲೆಕ್ಕದಲ್ಲಿ ಗ್ಯಾಸ್ಟ್ರಿನ್ ಗೊಬ್ಬರ ಇದ್ದ ಹಾಗೆ. ಬೀಜ ಬಿತ್ತುವುದು ಮುಖ್ಯವಾಗಿ ಆ ಬ್ಯಾಕ್ಟೀರಿಯಾ.

ಹಾಗಂತ ಮಾತ್ರೆಗೆ ಪೂರ್ತಿ ಕ್ಲೀನ್ ಚಿಟ್ ಕೊಡಲಾರೆ. ಹಾಂಗ್‌ಕಾಂಗ್‌ನಲ್ಲಿ ಎಚ್. ಪೈಲೋರಿಗೆ ಚಿಕಿತ್ಸೆ ಪಡೆದ 63,397 ಜನರ ದಾಖಲೆ ನೋಡಿದಾಗ, ಈ ಜಾತಿಯ ಮಾತ್ರೆ ಬಳಸುತ್ತಿದ್ದವರಲ್ಲಿ ಜಠರ ಕ್ಯಾನ್ಸರ್ ಅಪಾಯ 2.4 ಪಟ್ಟು ಕಂಡಿತು. ಗಾಬರಿ ಆಗುತ್ತದೆ ಅಲ್ವಾ? ಆದರೆ ಏಳೂವರೆ ವರ್ಷದಲ್ಲಿ ಅಷ್ಟೂ ಜನರ ಪೈಕಿ ಕ್ಯಾನ್ಸರ್ ಬಂದದ್ದು 153 ಮಂದಿಗೆ. ಅಲ್ಲದೆ ಇದು ದಾಖಲೆ ನೋಡಿ ಮಾಡಿದ ಲೆಕ್ಕ. ಮೊದಲೇ ಹೊಟ್ಟೆ ಕೆಟ್ಟವರು ಮಾತ್ರೆ ಜಾಸ್ತಿ ನುಂಗುತ್ತಾರೆ ಅನ್ನುವುದೂ ಅದರೊಳಗೆ ಸೇರಿಕೊಂಡಿರಬಹುದು.

ಈಗ ಅಪ್ಪನ ವಿಷಯ. ಮಾತ್ರೆ ಯಾಕೆ ಶುರುವಾಯಿತು ಅಂತ ಹಳೇ ಚೀಟಿ ಹುಡುಕಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಹಿಂದೆ ಹುಣ್ಣಿನಿಂದ ರಕ್ತ ಹೋದವರು, ಇಂಥವರಿಗೆ ಅದು ಹೊಟ್ಟೆ ಕಾಯುವ ಮಾತ್ರೆ, ಮುಟ್ಟಬೇಡಿ. ಅಂಥದ್ದೇನೂ ಇಲ್ಲದಿದ್ದರೆ ಎಚ್. ಪೈಲೋರಿ ಪರೀಕ್ಷೆ ಮಾಡಿಸಿ. ಉಸಿರಿನ ಪರೀಕ್ಷೆ ಅಥವಾ ಮಲದ ಪರೀಕ್ಷೆ ಸಾಕು. ಆದರೆ ಅದಕ್ಕೆ 2 ವಾರ ಮೊದಲು ಗ್ಯಾಸ್ ಮಾತ್ರೆ ಬಿಡಬೇಕು, ಇಲ್ಲವಾದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲ ಅಂತ ರಿಪೋರ್ಟ್ ಬರಬಹುದು. ಡಾಕ್ಟರನ್ನು ಕೇಳಿಯೇ ಬಿಡಿ. ತೂಕ ಇಳಿಯುವುದು, ಕಪ್ಪು ಮಲ, ನುಂಗಲು ಕಷ್ಟ, ರಕ್ತಹೀನತೆ ಇದ್ದರೆ ಮಾತ್ರ ಪರೀಕ್ಷೆ ಗಿರೀಕ್ಷೆ ಅಂತ ಕಾಯದೆ ನೇರ ಎಂಡೋಸ್ಕೋಪಿ.

ಮಾತ್ರೆ ಬಿಡುವಾಗ ಇನ್ನೊಂದು ಮೋಸ ಇದೆ. ಡೆನ್ಮಾರ್ಕ್‌ನಲ್ಲಿ ಎದೆಯುರಿ ಅಂದರೇನು ಅಂತಲೇ ಗೊತ್ತಿಲ್ಲದ ಆರೋಗ್ಯವಂತರಿಗೆ 8 ವಾರ ಇಂಥ ಮಾತ್ರೆ ಕೊಟ್ಟು ನಿಲ್ಲಿಸಿದರು. ಅವರಲ್ಲಿ 44 ಶೇಕಡಾ ಜನಕ್ಕೆ ಎದೆಯುರಿ, ಹುಳಿತೇಗು ಶುರುವಾಯಿತು. ಬರೀ ಹುಸಿಮಾತ್ರೆ ತಿಂದವರಲ್ಲಿ ಅದು 15 ಶೇಕಡಾ. ಇಷ್ಟು ದಿನ ಕೂಗಿ ಕೂಗಿ ಕರೆಸಿದ ಭಟ್ಟರೆಲ್ಲ ಬಾಗಿಲು ತೆರೆದ ಕೂಡಲೇ ಒಟ್ಟಿಗೆ ಸಾರು ಸುರಿದರು ಅನ್ನಿ. ಇದನ್ನೇ "ಕಾಯಿಲೆ ಮರಳಿ ಬಂತು" ಅಂದುಕೊಂಡು ಜನ ಮತ್ತೆ ಮಾತ್ರೆ ಹಿಡಿಯುತ್ತಾರೆ. ಮೆಲ್ಲಗೆ, ದಿನ ಬಿಟ್ಟು ದಿನ ಮಾಡುತ್ತಾ ಬಿಡಿ.

ಪ್ರಶ್ನೆ: ನನಗೆ 47. ಬಿ12 ಕಡಿಮೆ ಇದೆ ಅಂತ ಶುರುವಾದ ತಪಾಸಣೆಯಲ್ಲಿ ಜಠರದಲ್ಲಿ 4 ಮಿಲಿಮೀಟರಿನ ನ್ಯೂರೋಎಂಡೋಕ್ರೈನ್ ಗಡ್ಡೆ (ಹಾರ್ಮೋನಿನಂಥ ವಸ್ತು ಬಿಡುವ ಕಣಗಳ ಗಂಟು) ಸಿಕ್ಕಿದೆ. ಗ್ಯಾಸ್ಟ್ರಿನ್ 900 ದಾಟಿದೆ. ಡಾಕ್ಟರು "ಹೆದರಬೇಡಿ" ಅಂತಾರೆ. ಗಡ್ಡೆ ಅಂದಮೇಲೆ ಹೆದರದೆ ಇರುವುದು ಹೇಗೆ?
– ಓದುಗರು, ಶಿರಸಿ

ಉತ್ತರ: ನೀವು ಬರೆದದ್ದನ್ನು ನೋಡಿದರೆ ಇದು ಟೈಪ್ 1 ಅನ್ನುವ ಜಾತಿ ಇರಬೇಕು. ಖಚಿತಪಡಿಸುವುದು ಬಯಾಪ್ಸಿ ನೋಡಿದ ನಿಮ್ಮ ಡಾಕ್ಟರು. ಇದರಲ್ಲಿ ದೇಹದ ರಕ್ಷಣಾ ಪಡೆಯೇ ಆಸಿಡ್ ಸುರಿಸುವ ಕಣಗಳ ಮೇಲೆ ಬಿದ್ದು ಅವನ್ನು ಮುಗಿಸುತ್ತದೆ. ಬಿ12 ಹೀರಿಕೊಳ್ಳಲು ಬೇಕಾದ ವಸ್ತು ಮಾಡುವುದೂ ಅದೇ ಕಣಗಳಾದ್ದರಿಂದ ಬಿ12 ಇಳಿಯುತ್ತದೆ. ಆಸಿಡ್ ಇಲ್ಲ, ಗ್ಯಾಸ್ಟ್ರಿನ್ ಹಗಲೂ ರಾತ್ರಿ ಕೂಗುತ್ತದೆ, ಅದನ್ನು ಕೇಳಿ ಇಸಿಎಲ್ ಕಣಗಳು ಗುಂಪುಗೂಡಿ ಗಂಟಾಗುತ್ತವೆ.

ಹಾರ್ಮೋನು ಮನುಷ್ಯರಲ್ಲಿ ಗಡ್ಡೆ ಬೆಳೆಸುತ್ತದೆ ಅನ್ನುವುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ. ಯಾಕಂದರೆ ಗ್ಯಾಸ್ಟ್ರಿನ್ ತಯಾರಾಗುವ ಕೆಳತುದಿಯನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದರೆ, ಮೇಲಿರುವ, ಮುಟ್ಟದೇ ಬಿಟ್ಟ ಗಂಟುಗಳು ಎಷ್ಟೋ ಸಲ ತಾವಾಗಿಯೇ ಕರಗುತ್ತವೆ! ನಿಮ್ಮಷ್ಟು ಸಣ್ಣದಕ್ಕೆ ಅದೇನೂ ಬೇಡ. ಎಂಡೋಸ್ಕೋಪಿಯಲ್ಲೇ ಕಿತ್ತು ಹಾಕುತ್ತಾರೆ ಅಥವಾ ಕಾದು ನೋಡುತ್ತಾರೆ. ಇವು ಹರಡುವುದು ತೀರಾ ಕಡಿಮೆ. ಆದರೆ ಸವೆದ ಜಠರದಲ್ಲಿ ಮಾಮೂಲಿ ಕ್ಯಾನ್ಸರಿನ ಅಪಾಯವೂ ಸ್ವಲ್ಪ ಜಾಸ್ತಿ ಇರುವುದರಿಂದ, ಕರೆದ ದಿನ ತಪ್ಪಿಸದೆ ಎಂಡೋಸ್ಕೋಪಿಗೆ ಹೋಗಿ. ಗ್ಯಾಸ್ ಮಾತ್ರೆ ನಿಮಗೆ ಬೇಕಾಗಿಯೇ ಇಲ್ಲ. ಯಾರಾದರೂ ಕೊಟ್ಟಿದ್ದರೆ ಯಾಕೆ ಅಂತ ಕೇಳಿ.

ಪ್ರಶ್ನೆ: ಗ್ಯಾಸ್ಟ್ರಿನ್ ಅನ್ನೇ ತಡೆಯುವ ಔಷಧಿ ಕೊಟ್ಟರೆ ಜಠರ ಕ್ಯಾನ್ಸರ್ ವಾಸಿಯಾಗದೇ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ನೋಡಿದ್ದಾರೆ. ನೆಟಾಜಿಪೈಡ್ ಅನ್ನುವ ಮಾತ್ರೆ ಸಿಸಿಕೆ-2 ಕಿವಿಗೆ ಹತ್ತಿ ತುರುಕುತ್ತದೆ. ಮೇಲೆ ಹೇಳಿದ ಟೈಪ್ 1 ಗಡ್ಡೆಯ ಕೆಲವೇ ರೋಗಿಗಳಿಗೆ ಕೊಟ್ಟಾಗ 12 ವಾರದಲ್ಲಿ ಗಂಟುಗಳು ಕಡಿಮೆಯಾದವು, ಚಿಕ್ಕವಾದವು. ದೇಹವೇ ಗ್ಯಾಸ್ಟ್ರಿನ್ ವಿರುದ್ಧ ಪ್ರತಿಕಾಯ ಮಾಡುವಂತೆ ಒಂದು ಲಸಿಕೆಯನ್ನೂ ಪ್ರಯೋಗಿಸಿದರು, ಆದರೆ ಅದು ಆಸ್ಪತ್ರೆಯ ಮಾಮೂಲಿ ಚಿಕಿತ್ಸೆಯಾಗಲಿಲ್ಲ. ಮಾಮೂಲಿ ಜಠರ ಕ್ಯಾನ್ಸರ್ ಪತ್ತೆಯಾಗುವ ಹೊತ್ತಿಗೆ ಕಣಗಳಿಗೆ ಬೆಳೆಯಲು ಹತ್ತು ದಾರಿ ಗೊತ್ತಿರುತ್ತವೆ. ಒಂದು ದಾರಿ ಮುಚ್ಚಿದರೆ ಇನ್ನೊಂದರಲ್ಲಿ ಹೋಗುತ್ತವೆ.

ಅಂದ ಹಾಗೆ ಗ್ಯಾಸ್ಟ್ರಿನ್ ಇದೆ ಅಂತ ಲಂಡನ್ನಿನ ಎಡ್ಕಿನ್ಸ್ ಹೇಳಿದ್ದು 1905ರಲ್ಲಿ. ಅವರು ಕಂಡದ್ದು ಬರೀ ಹಿಸ್ಟಮಿನ್ ಅಂತ ಬಹಳ ಜನ ತಳ್ಳಿಹಾಕಿದರು. ಲಿವರ್‌ಪೂಲ್‌ನ ಗ್ರೆಗರಿ ಮತ್ತು ಟ್ರೇಸಿ ಹಂದಿಯ ಜಠರದಿಂದ ಅದನ್ನು ಶುದ್ಧವಾಗಿ ಬೇರ್ಪಡಿಸಿ ತೋರಿಸಿದ್ದು 1964ರಲ್ಲಿ. ಅಷ್ಟರಲ್ಲಿ ಎಡ್ಕಿನ್ಸ್ ತೀರಿಕೊಂಡಿದ್ದರು.

ಪ್ರಶ್ನೆ: ಕ್ಯಾನ್ಸರ್ ಅಂತ ಅಮ್ಮನ ಜಠರ ಪೂರ್ತಿ ತೆಗೆದಿದ್ದಾರೆ. ಈಗ ಹಸಿವೇ ಆಗುವುದಿಲ್ಲ ಅಂತಾರೆ. ಹಟ ಮಾಡುತ್ತಿದ್ದಾರಾ?
– ಓದುಗರು, ಹಾಸನ

ಉತ್ತರ: ಖಂಡಿತ ಇಲ್ಲ, ಬೈಯಬೇಡಿ. ಹಸಿವು ಎಬ್ಬಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಜಠರದಲ್ಲೇ. 1999ರಲ್ಲಿ ಜಪಾನಿನವರು ಕಂಡುಹಿಡಿದದ್ದು. ಜಠರ ಹೋದಾಗ ಅದೂ ಇಳಿಯುತ್ತದೆ. ಹಸಿವಿಗೆ ಕಾಯದೆ ಗಡಿಯಾರ ನೋಡಿ ದಿನಕ್ಕೆ 6 ಸಲ ಚೂರು ಚೂರು ಕೊಡಿ. ಒಂದೊಂದು ಇಡ್ಲಿಯಾದರೂ ಸರಿ, ಮೊಸರನ್ನದ ನಾಲ್ಕು ತುತ್ತಾದರೂ ಸರಿ. ಊಟದ ಜೊತೆ ತುಂಬಾ ನೀರು ಬೇಡ, ಸಿಹಿ ಒಮ್ಮೆಲೇ ಬೇಡ, ತಲೆಸುತ್ತು ಬೆವರು ಬರಬಹುದು. ಬಿ12 ಇಂಜೆಕ್ಷನ್ ಜೀವನಪೂರ್ತಿ ಬೇಕು, ಮುಂದಿನದು ಯಾವಾಗ ಅಂತ ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಹಾಕಿಡಿ.