ಗಡ್ಡೆ ಊರೋದಾ, ಬೀಜ ಬಿತ್ತೋದಾ? ಈರುಳ್ಳಿ ಬಗ್ಗೆ ನಿಮ್ಮ ಪ್ರಶ್ನೆಗಳು

ಮುಂಗಾರು ಹತ್ರ ಬಂತು ಅಂದ್ರೆ ಈ ಅಂಕಣಕ್ಕೆ ಈರುಳ್ಳಿ ಪತ್ರಗಳು ಶುರು. ಈ ಸಲ ಬಂದಿರೋದ್ರಲ್ಲಿ ತುಂಬಾ ಜನ ಕೇಳಿರೋದು ಒಂದೇ ಮಾತು, ಸಣ್ಣ ಗಡ್ಡೆ ಊರ್ಬೇಕಾ ಇಲ್ಲ ಬೀಜ ಹಾಕ್ಬೇಕಾ ಅಂತ. ಅದಕ್ಕೇ ಈ ಸಂಚಿಕೆಯ ಜಾಗ ಪೂರ್ತಿ ಈರುಳ್ಳಿಗೆ ಬಿಟ್ಟಿದೀನಿ.

ಪ್ರಶ್ನೆ: ನಮಸ್ಕಾರ್ರಿ. ನಾವು ಮೊದ್ಲಿಂದ ಕೂರಿಗಿಲೇ ಉಳ್ಳಾಗಡ್ಡಿ ಬಿತ್ತೋ ಮಂದಿ. ಈ ಸಲ ನಮ್ಮ ಅಳಿಯ ಮೊಬೈಲ್‌ನ್ಯಾಗ ಒಂದು ವಿಡಿಯೋ ತೋರ್ಸಿದ, ರಾಜಸ್ಥಾನದ ಕಡೆ ಸಣ್ಣ ಸಣ್ಣ ಗಡ್ಡಿ ಊರಿ ಚಲೋ ರೇಟಿಗೆ ಮಾರ್ತಾರಂತ. ಎರಡು ಎಕರೆಕ್ಕ ನಾನೂ ಹಂಗ ಮಾಡ್ಲೇನ್ರಿ?
– ರೋಣ ತಾಲೂಕಿನ ರೈತರು

ಉತ್ತರ: ಅಣ್ಣಾರೇ, ನಿಮ್ಮ ಅಳಿಯ ತೋರ್ಸಿದ್ದು ಸುಳ್ಳಲ್ಲ, ಅಲ್ವರ್ ಕಡೆ ನಿಜವಾಗ್ಲೂ ಹಾಗೇ ಬೆಳೀತಾರೆ. ಆದ್ರೆ ಅವರು ಯಾಕೆ ಹಾಗೆ ಮಾಡ್ತಾರೆ ಅನ್ನೋದು ಗೊತ್ತಾದ್ರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂಗೆ. ಅಲ್ಲಿ ಮೇ, ಜೂನ್ ತಿಂಗಳ ಬಿಸಿಲು 45 ಡಿಗ್ರಿ ಮುಟ್ಟುತ್ತೆ, ಆ ಬಿಸಿಲಲ್ಲಿ ಈರುಳ್ಳಿ ಸಸಿ ಮಡಿ ಉಳಿಸ್ಕೊಳ್ಳೋದು ಭಾಳ ಕಷ್ಟ, ಮಳೆ ಬಂದ್ಮೇಲೆ ಬೀಜ ಹಾಕೋಣ ಅಂದ್ರೆ ಬೆಳೆ ತಡ ಆಗಿ ಚಳಿಗೆ ಸಿಕ್ಕುತ್ತೆ. ಅದಕ್ಕೆ ಅವರು ಜನವರಿ ಕೊನೆ, ಫೆಬ್ರವರಿಯಲ್ಲೇ ಒತ್ತೊತ್ತಾಗಿ ಬೀಜ ಹಾಕಿ, ಏಪ್ರಿಲ್-ಮೇನಲ್ಲಿ ಗೋಲಿ ಗಾತ್ರದ ಗಡ್ಡೆ ಆದಾಗ ಗರಿ ಸಮೇತ ಕಿತ್ತು, ಕಟ್ಟು ಕಟ್ಟಿ ಗಾಳಿ ಆಡೋ ನೆರಳಲ್ಲಿ ತೂಗು ಹಾಕಿ ಇಟ್ಕೊಂಡು ಆಗಸ್ಟ್‌ನಲ್ಲಿ ಹೊಲಕ್ಕೆ ಊರ್ತಾರೆ. ನವೆಂಬರ್-ಡಿಸೆಂಬರ್‌ಗೆ ಬೆಳೆ ಬರುತ್ತೆ. ಬೇಸಿಗೆಯಲ್ಲಿ ಕೂಡಿಟ್ಟ ಈರುಳ್ಳಿ ಅಷ್ಟೊತ್ತಿಗೆ ಖಾಲಿಯಾಗ್ತಾ ಬಂದಿರುತ್ತೆ, ಅದಕ್ಕೇ ರೇಟು ಸಿಗೋದು.

ಈಗ ನಿಮ್ಮ ಹೊಲಕ್ಕೆ ಬನ್ನಿ. ನೀವು ಜೂನ್-ಜುಲೈನಲ್ಲಿ ಕೂರಿಗೆಯಲ್ಲಿ, ಅಂದ್ರೆ ಸಸಿ ಮಾಡ್ದೆ ನೇರ ಹೊಲಕ್ಕೇ, ಬಿತ್ತಿದ್ದು ಅಕ್ಟೋಬರ್, ನವೆಂಬರ್ ಹೊತ್ತಿಗೆ ಮಾರ್ಕೆಟ್ಟಿಗೆ ಹೋಗುತ್ತೆ ಅಲ್ವಾ? ಅಂದ್ರೆ ಅವರು ಗಡ್ಡೆ ಊರಿ ಇಷ್ಟೆಲ್ಲಾ ಒದ್ದಾಡಿ ಹಿಡಿಯೋಕೆ ನೋಡ್ತಿರೋ ಟೈಮ್‌ನ ನೀವು ಬರೀ ಬೀಜದಲ್ಲೇ ಹಿಡೀತಿದೀರಿ, ಕೆಲವು ಸಲ ಅವರಿಗಿಂತ ಮುಂಚೇನೇ. ಗಡ್ಡೆ ಊರೋದ್ರಿಂದ ಅವರಿಗೆ ಸಿಗೋ ಲಾಭ ನಿಮಗೆ ಆಗ್ಲೇ ಕೈಯಲ್ಲಿದೆ. ಖರ್ಚು ಮಾತ್ರ ಹೊಸದಾಗಿ ಬರುತ್ತೆ. ಸಸಿ ಮಾಡಿ ನೆಟ್ರೆ ಎಕರೆಗೆ 3ರಿಂದ 4 ಕೆಜಿ ಬೀಜ ಸಾಕು, ಕೂರಿಗೆಗೆ 4ರಿಂದ 5 ಕೆಜಿ, ಅದೇ ಗಡ್ಡೆ ಆದ್ರೆ ಎಕರೆಗೆ 4ರಿಂದ 5 ಕ್ವಿಂಟಾಲ್ ಬೇಕು. ನಿಮ್ಮ ಎರಡು ಎಕರೆಗೆ ಎಂಟು-ಹತ್ತು ಕ್ವಿಂಟಾಲ್ ಆಯ್ತು. ಅಷ್ಟನ್ನ ಬೇಸಿಗೆಯಲ್ಲಿ ನೀರು ಕೊಟ್ಟು ಬೆಳೆಸಿ, ಮೂರು ತಿಂಗಳು ಕೊಳೀದಂಗೆ ಕಾಯ್ಬೇಕು, ನಿಮ್ಮ ಬೋರ್‌ವೆಲ್ ಏಪ್ರಿಲ್‌ನಲ್ಲಿ ಎಷ್ಟು ನೀರು ಕೊಡುತ್ತೆ ಅನ್ನೋದು ನಿಮಗೇ ಗೊತ್ತು.

ಇನ್ನೊಂದು ವಿಷಯ ಇದೆ, ಇದನ್ನ ಎಲ್ಲರೂ ತಿಳ್ಕೊಳ್ಳಿ ಅಂತ ನನ್ನ ಆಸೆ. ಈರುಳ್ಳಿ ಎರಡು ವರ್ಷದ ಗಿಡ. ಮೊದಲ್ನೇ ವರ್ಷ ಗಡ್ಡೆ ಕಟ್ಟುತ್ತೆ, ಎರಡ್ನೇ ವರ್ಷ ಆ ಗಡ್ಡೆಯೊಳಗಿನ ಊಟಾನೇ ತಿಂದು ಹೂ ಬಿಟ್ಟು ಬೀಜ ಮಾಡುತ್ತೆ. ನೀವು ಊರೋ ಗಡ್ಡೆ ಈಗಾಗ್ಲೇ ಒಂದು ಹಂತ ದಾಟಿ ಬಂದಿರೋ ಗಿಡ. ಅದು ಚಿಕ್ಕದಿದ್ರೆ, ಅಂದ್ರೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಇದ್ರೆ, ಇನ್ನೂ ಎಳೆಯ ಗಿಡದ ಥರಾನೇ ನಡ್ಕೊಂಡು ಮತ್ತೆ ಗಡ್ಡೆ ಕಟ್ಟುತ್ತೆ. ದಪ್ಪ ಇತ್ತು ಅನ್ಕೊಳ್ಳಿ, ಸ್ವಲ್ಪ ಚಳಿ ಬಿದ್ದ ತಕ್ಷಣ ಹೂವಿನ ದಂಟು ಎಬ್ಬಿಸಿಬಿಡುತ್ತೆ, ಇಲ್ಲಾಂದ್ರೆ ಎರಡು-ಮೂರಾಗಿ ಒಡೆದು ಜೋಡಿ ಗಡ್ಡೆ ಆಗುತ್ತೆ. ದಂಟು ಬಂದ ಗಡ್ಡೆ ನಡುವೆ ಗಟ್ಟಿ ಕಡ್ಡಿ ಇರುತ್ತೆ, ಹೂ ಮುರಿದು ಹಾಕಿದ್ರೂ ಆ ಕಡ್ಡಿ ಹೋಗಲ್ಲ, ಚೀಲದಲ್ಲಿಟ್ರೆ ಮೊದಲು ಕೊಳೆಯೋದು ಅದೇ. ಹಾಗಾಗಿ ಊರೋಕೆ ಅಂತ ಯಾರಾದ್ರೂ ದಪ್ಪ ಗಡ್ಡೆ ತೋರ್ಸಿ ಇದು ಜೋರಾಗಿ ಬರುತ್ತೆ ಅಂದ್ರೆ ತಗೋಬೇಡಿ.

ನಿಮಗೆ ಮಾಡಿ ನೋಡ್ಲೇಬೇಕು ಅನ್ನಿಸಿದ್ರೆ 5 ಗುಂಟೆಗೆ ಮಾಡಿ, 50-60 ಕೆಜಿ ಗಡ್ಡೆ ಸಾಕಾಗುತ್ತೆ, ಬರೋ ಜನವರಿ ಕೊನೆಗೆ ನೀವೇ ಬೀಜ ಹಾಕಿ ಮಾಡ್ಕೊಳ್ಳಿ. ಈ ವರ್ಷಕ್ಕೆ ನನ್ನ ಸಲಹೆ ಬೇರೆ. ನೀರಿರೋ ಅರ್ಧ ಎಕರೆಯಲ್ಲಿ ಸಸಿ ಮಾಡಿ ನಾಟಿ ಮಾಡಿ ನೋಡಿ. ಮೇ ಕೊನೆಗೆ ಒಂದು ಮೀಟರ್ ಅಗಲ, ಗೇಣಿನಷ್ಟು ಎತ್ತರದ ಏರು ಮಡಿ ಮಾಡಿ, ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ಕೊಳೆ ರೋಗ ತಡೆಯೋ ಉಪಕಾರಿ ಶಿಲೀಂಧ್ರದ ಪುಡಿ) ಹಚ್ಚಿ, ಚೆಲ್ಲಬೇಡಿ, ನಾಲ್ಕು ಬೆರಳು ಅಂತರದ ಸಾಲಲ್ಲಿ ಹಾಕಿ, ಮೊಳಕೆ ಬರೋವರೆಗೂ ಒಣಹುಲ್ಲು ಮುಚ್ಚಿ. ಆರೇಳು ವಾರದ ಸಸಿ ಕಿತ್ತು ಸಾಲಿಂದ ಸಾಲಿಗೆ 15, ಸಸಿಯಿಂದ ಸಸಿಗೆ 10 ಸೆಂಟಿಮೀಟರ್ ಬಿಟ್ಟು ನೆಡಿ. ತಳಿ ಮುಂಗಾರಿಗೆ ಅರ್ಕಾ ಕಲ್ಯಾಣ್ ನೋಡಿ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯದ್ದು, ನೇರಳೆ ಮಚ್ಚೆ ರೋಗ ಸ್ವಲ್ಪ ಮಟ್ಟಿಗೆ ತಡ್ಕೊಳ್ಳುತ್ತೆ. ನಾಟಿ ಮಾಡಿದ ಗಡ್ಡೆ ಒಂದೇ ಸಮ ಬರೋದ್ರಿಂದ ಗ್ರೇಡಿಂಗ್‌ನಲ್ಲಿ ವ್ಯತ್ಯಾಸ ಕಾಣುತ್ತೆ. ಎರೆ ಭೂಮಿಯಲ್ಲಿ ನೀರು ನಿಂತ್ರೆ ಗರಿ ತಿರುಚ್ಕೊಂಡು ಕುತ್ತಿಗೆ ಉದ್ದ ಆಗೋ ರೋಗ ಬರುತ್ತೆ, ನೀವೂ ನೋಡಿರ್ತೀರಿ, ಅದಕ್ಕೇ ಸಸಿ ನೆಡೋವಾಗ್ಲೂ ಏರು ಮಡಿ ಮೇಲೇ ನೆಡಿ ಅಂತ ಹೇಳ್ತಿರೋದು. ಆದ್ರೆ ಮೆಣಸಿನಕಾಯಿ, ಹತ್ತಿ ಜೊತೆ ಉಳ್ಳಾಗಡ್ಡಿ ಹಾಕೋ ಹೊಲ ಇದ್ರೆ ಅದನ್ನ ಮಾತ್ರ ಕೂರಿಗೆಗೇ ಬಿಡಿ. ಒಂದು ಕೈಕೊಟ್ರೆ ಇನ್ನೊಂದು ಕಾಯುತ್ತೆ ಅಂತ ನಿಮ್ಮ ಹಿರಿಯರು ಲೆಕ್ಕ ಹಾಕಿ ಮಾಡಿದ ಪದ್ಧತಿ ಅದು, ಅದರ ಮೇಲೆ ನನಗೆ ತುಂಬಾ ಗೌರವ ಇದೆ.

ಪ್ರಶ್ನೆ: ಅಡುಗೆಮನೇಲಿ ಮೊಳಕೆ ಬಂದಿದ್ದ ಈರುಳ್ಳೀನ ಟೆರೇಸ್ ಮೇಲೆ ಪಾಟಲ್ಲಿ ಇಟ್ಟೆ. ಸೊಪ್ಪು ಚೆನ್ನಾಗಿ ಬಂತು, ಆಮೇಲೆ ಉಂಡೆ ಥರ ಬಿಳಿ ಹೂ ಬಂತು. ಕಿತ್ತು ನೋಡಿದ್ರೆ ಕೆಳಗೆ ಏನೂ ಇಲ್ಲ, ಇದ್ದ ಈರುಳ್ಳೀನೂ ಕರಗೋಗಿದೆ. ಗೊಬ್ಬರ ಕಮ್ಮಿ ಆಯ್ತಾ?
– ಬೆಂಗಳೂರಿನ ಓದುಗರು

ಉತ್ತರ: ಇಲ್ಲ ಅಕ್ಕಾ, ನಿಮ್ಮದೇನೂ ತಪ್ಪಿಲ್ಲ. ಮೇಲಿನ ಉತ್ತರದಲ್ಲಿ ಹೇಳಿದ್ನಲ್ಲ, ಅಂಗಡಿ ಈರುಳ್ಳಿ ತನ್ನ ಮೊದಲ್ನೇ ವರ್ಷ ಮುಗಿಸಿ ಬಂದಿರುತ್ತೆ, ಮಣ್ಣಿಗಿಟ್ರೆ ಹೂ ಬಿಡೋದು ಅದರ ಕೆಲಸ. ಎಷ್ಟು ಗೊಬ್ಬರ ಹಾಕಿದ್ರೂ ಅದರಿಂದ ಒಂದೊಳ್ಳೆ ದಪ್ಪ ಗಡ್ಡೆ ಬರಲ್ಲ. ಸೊಪ್ಪಿಗೆ ಅಂತ ಇಡಿ, ಪಲ್ಯಕ್ಕೆ, ಅಕ್ಕಿರೊಟ್ಟಿಗೆ ಎರಡು-ಮೂರು ಸಲ ಕತ್ತರಿಸ್ಕೊಳ್ಳಬಹುದು, ಅದು ನಿಜವಾಗ್ಲೂ ಲಾಭ. ಆ ಹೂವಿನ ಬೀಜ ಎತ್ತಿಡ್ಲಾ ಅಂತಾನೂ ಪತ್ರದ ಕೊನೇಲಿ ಕೇಳಿದೀರಿ. ಎತ್ತಿಡಿ, ಬಿತ್ತಿ, ಆದ್ರೆ ಅದೇ ಥರ ಗಡ್ಡೆ ಬರುತ್ತೆ ಅಂತ ಕಾಯಬೇಡಿ, ಅಂಗಡಿಯಿಂದ ತಂದಿದ್ದು ಹೈಬ್ರಿಡ್ ಇರಬಹುದು, ಅದಲ್ದೆ ಈರುಳ್ಳಿ ಹೂವಿಗೆ ಜೇನು ಬಂದು ಬೇರೆ ಗಿಡದ ಪರಾಗ ತಂದು ಹಾಕಿಹೋಗಿರುತ್ತೆ. ಬೀಜಕ್ಕೇ ಅಂತ ಬೆಳೆಯೋರು ಒಂದು ತಳಿಗೂ ಇನ್ನೊಂದಕ್ಕೂ ಕನಿಷ್ಠ ಅರ್ಧ ಕಿಲೋಮೀಟರ್ ದೂರ ಬಿಡೋದು ಇದೇ ಕಾರಣಕ್ಕೆ.

ಗಡ್ಡೇನೇ ಬೇಕು ಅಂದ್ರೆ 1 ಗ್ರಾಂ ಬೀಜ ತಗೊಳ್ಳಿ, ಅದರಲ್ಲೇ 250 ಕಾಳು ಇರುತ್ತೆ, ಟೆರೇಸಿಗೆ ಧಾರಾಳ. ಅಕ್ಟೋಬರ್‌ನಲ್ಲಿ ಟ್ರೇಗೆ ಹಾಕಿ, ಆರೇಳು ವಾರಕ್ಕೆ ಗ್ರೋ ಬ್ಯಾಗಿಗೆ ಬದಲಾಯ್ಸಿ. ಬೆಳಗ್ಗಿಂದ ಸಂಜೆವರೆಗೂ ಬಿಸಿಲು ಬೀಳೋ ಜಾಗ ಬೇಕು, ನೆರಳಿದ್ರೆ ಬರೀ ಸೊಪ್ಪು.

ಪ್ರಶ್ನೆ: ಲಂಡನ್‌ನಲ್ಲಿರೋ ನಮ್ಮ ನಾದಿನಿ ಹೋದ ವರ್ಷ ಅಲ್ಲಿಂದ ಈರುಳ್ಳಿ ಬೀಜದ ಪ್ಯಾಕೆಟ್ ತಂದಿದ್ರು. ಅವರ ಹಿತ್ತಲಲ್ಲಿ ಬೊಗಸೆ ತುಂಬೋ ಗಡ್ಡೆ ಬಂದಿದ್ದ ಫೋಟೋನೂ ತೋರ್ಸಿದ್ರು. ನಮ್ಮಲ್ಲಿ ಐದು ತಿಂಗಳಾದ್ರೂ ಬೆಳ್ಳುಳ್ಳಿ ಗರಿ ಥರ ನಿಂತೇ ಇದೆ, ಗಡ್ಡೆ ಕಟ್ತಾನೇ ಇಲ್ಲ.
– ಬೆಳಗಾವಿಯ ಓದುಗರು

ಉತ್ತರ: ಕಟ್ಟೋದೂ ಇಲ್ಲ ತಾಯಿ, ಕಿತ್ತು ಸೊಪ್ಪು ಬಳಸ್ಕೊಳ್ಳಿ. ಈರುಳ್ಳಿ ಗಡ್ಡೆ ಕಟ್ಟೋಕೆ ಶುರು ಮಾಡೋದು ಹಗಲಿನ ಉದ್ದ ನೋಡಿ. ಇಂಗ್ಲೆಂಡಿನ ತಳಿಗಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು, ಅಲ್ಲಿ ಜೂನ್‌ನಲ್ಲಿ ಅದು ಸಿಗುತ್ತೆ. ನಮ್ಮ ಬೆಳಗಾವಿಯಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಆಸುಪಾಸು ಅಷ್ಟೇ. ಆ ಗಿಡ ಇನ್ನೂ ಹೊತ್ತು ಬಂದಿಲ್ಲ ಅಂತ ಕಾಯ್ತಾನೇ ಇರುತ್ತೆ. ನಮ್ಮ ಬಳ್ಳಾರಿ ಕೆಂಪು, ಅರ್ಕಾ ನಿಕೇತನ್, ಚಿಕ್ಕಬಳ್ಳಾಪುರ ಕಡೆಯ ಬೆಂಗಳೂರು ಗುಲಾಬಿ ಈರುಳ್ಳಿ, ಇವೆಲ್ಲ 11-12 ಗಂಟೆ ಹಗಲಲ್ಲೇ ಗಡ್ಡೆ ಕಟ್ಟೋವು. ಉಲ್ಟಾ ಮಾಡಿದ್ರೂ ಹಾಗೇ, ನಮ್ಮ ತಳೀನ ಅಲ್ಲಿ ಏಪ್ರಿಲ್‌ನಲ್ಲಿ ಬಿತ್ತಿದ್ರೆ ಗಿಡ ಇನ್ನೂ ಚಿಕ್ಕದಿರೋವಾಗ್ಲೇ ಗೋಲಿಯಂಥ ಗಡ್ಡೆ ಕಟ್ಟಿ ಸುಮ್ನಾಗುತ್ತೆ.

ನಾದಿನಿ ಅಲ್ಲಿ ಊರೋದು ಬಹುಶಃ ಸಣ್ಣ ಗಡ್ಡೆಗಳನ್ನೇ ಇರಬೇಕು, ಅಲ್ಲಿ ಅದು ತುಂಬಾ ಸಾಮಾನ್ಯ. ಬೇಸಿಗೆ ಚಿಕ್ಕದು, ಬೀಜದಿಂದ ಶುರು ಮಾಡಿದ್ರೆ ಕೆಲವು ಕಡೆ ಟೈಮ್ ಸಾಲಲ್ಲ, ಹಿಂದಿನ ವರ್ಷದ ಗಡ್ಡೆ ಊರಿದ್ರೆ ಆ ಹೊತ್ತು ಉಳಿಯುತ್ತೆ. ಕೆಲವು ಗಡ್ಡೆಗಳನ್ನ ಬಿಸಿ ಕೋಣೆಯಲ್ಲಿ ವಾರಗಟ್ಟಲೆ ಇಟ್ಟು, ಹೂ ಬರದಂಗೆ ಮಾಡಿ ಮಾರೋದೂ ಉಂಟು. ಅಂದ್ಹಾಗೆ ಹೊರದೇಶದಿಂದ ಬೀಜ, ಗಡ್ಡೆ ಹಾಗೇ ಬ್ಯಾಗಲ್ಲಿ ತರೋಕೆ ಕಾನೂನು ಬಿಡಲ್ಲ, ರೋಗಾನೂ ಜೊತೆಗೆ ಬರಬಹುದು. ದಯವಿಟ್ಟು ಇನ್ನೊಂದ್ಸಲ ತರಿಸಬೇಡಿ.

ಪ್ರಶ್ನೆ: ಹೋದ ವರ್ಷ ತಂದ ಬೀಜ 2 ಕೆಜಿ ಉಳಿದಿದೆ, ಡಬ್ಬಿಯಲ್ಲಿ ಭದ್ರವಾಗಿಟ್ಟಿದೀವಿ. ಈ ವರ್ಷ ಹಾಕಬಹುದಾ?
– ಹಿರಿಯೂರು ತಾಲೂಕಿನ ರೈತರು

ಉತ್ತರ: ನೋಡ್ದೆ ಹಾಕಬೇಡಿ. ತರಕಾರಿ ಬೀಜಗಳಲ್ಲಿ ಬೇಗ ಸಾಯೋದು ಈರುಳ್ಳಿ ಬೀಜ, ಮನೆಯ ಸೆಕೆಯಲ್ಲಿ, ತೇವದಲ್ಲಿ ಒಂದು ವರ್ಷ ದಾಟಿದ್ರೆ ನಂಬೋಕಾಗಲ್ಲ, ನೋಡೋಕೆ ಮಾತ್ರ ಹೊಸದರ ಥರಾನೇ ಕರ್ರಗೆ ಹೊಳೀತಿರುತ್ತೆ. ಒಂದು ವರ್ಷ ನಮ್ಮ ಮನೆಯಲ್ಲೂ ಹೀಗೇ ಉಳಿದ ಬೀಜ ಹಾಕಿ, ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ 20 ದಿನ ಮಡಿಗೆ ನೀರು ಹಾಕಿದ್ವಿ, ಅಲ್ಲೊಂದು ಇಲ್ಲೊಂದು ಎದ್ದಿತ್ತು, ಆ ಹೊತ್ತಿಗೆ ಒಳ್ಳೆ ಹದ ಕೈತಪ್ಪಿ ಹೋಗಿತ್ತು. ನಮ್ಮಪ್ಪ ಆ ಮಡಿ ಮುಂದೆ ಸುಮ್ನೆ ಕೂತಿದ್ದು ನನಗೆ ಇನ್ನೂ ಕಣ್ಣಲ್ಲಿದೆ.

ಇವತ್ತೇ 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಬಟ್ಟೆ ಆರದಂಗೆ ನೋಡ್ಕೊಂಡು 10 ದಿನಕ್ಕೆ ಬಿಚ್ಚಿ ಎಣಿಸಿ. 70 ಅಥವಾ ಅದಕ್ಕಿಂತ ಜಾಸ್ತಿ ಮೊಳೆತಿದ್ರೆ ಹಾಕಿ, ಅಂಗಡಿ ಬೀಜಕ್ಕೂ ಕನಿಷ್ಠ ಅಷ್ಟೇ ಇರಬೇಕು. 50ರ ಆಸುಪಾಸು ಇದ್ರೆ ದುಪ್ಪಟ್ಟು ಹಾಕಿ ಸರಿದೂಗಿಸೋಣ ಅನ್ನಿಸುತ್ತೆ, ಬೇಡ, ಅಂಥ ಬೀಜದಿಂದ ಎದ್ದ ಸಸಿಗೂ ಕಸುವಿರಲ್ಲ. ಹೊಸದು ತರೋವಾಗ ಪ್ಯಾಕೆಟ್ ಮೇಲಿನ ಪರೀಕ್ಷೆಯ ತಾರೀಕು ಓದಿ, ಬಿಲ್ ತಗೊಂಡು ಬೆಳೆ ಬರೋವರೆಗೂ ಇಟ್ಕೊಳ್ಳಿ.

ಪ್ರಶ್ನೆ: ನಮ್ಮ ಕಡೆ ಸಾಂಬಾರ್ ಈರುಳ್ಳಿ ಗಡ್ಡೇನೇ ಊರೋದು. ಹಾಗಾದ್ರೆ ನಾವು ಮಾಡ್ತಿರೋದು ತಪ್ಪಾ?
– ಗುಂಡ್ಲುಪೇಟೆಯ ರೈತರು

ಉತ್ತರ: ಖಂಡಿತ ತಪ್ಪಲ್ಲ. ಸಣ್ಣ ಈರುಳ್ಳಿ ಜಾತಿಯೇ ಬೇರೆ ಥರದ್ದು, ಒಂದು ಗಡ್ಡೆ ಊರಿದ್ರೆ ಅದು ಒಡೆದು ಒಂದು ಗೊಂಚಲು ಆಗುತ್ತೆ, ಗಡ್ಡೆಯಿಂದ ಬೆಳೆಯೋದೇ ಅದರ ಸ್ವಭಾವ, ಎರಡು-ಎರಡೂವರೆ ತಿಂಗಳಿಗೆ ಕೈಗೆ ಬರುತ್ತೆ. ಇಷ್ಟು ನೋಡ್ಕೊಳ್ಳಿ, ಮೊನ್ನೆ ಕಿತ್ತ ಗಡ್ಡೇನ ಇವತ್ತು ಊರಬೇಡಿ, ಅದು ಇನ್ನೂ ನಿದ್ದೇಲಿರುತ್ತೆ, ಎರಡು ತಿಂಗಳು ಇಟ್ಟಿದ್ದು ಒಂದೇ ಸಮ ಮೊಳೆಯುತ್ತೆ. ಬೀಜದಿಂದ ಬರೋ ಸಣ್ಣ ಈರುಳ್ಳೀನೂ ಇದೆ, ಕೊಯಮತ್ತೂರು ಕೃಷಿ ವಿಶ್ವವಿದ್ಯಾಲಯದ ಕೋ ಆನ್ 5 ಅಂತ. ಗಡ್ಡೆ ರೇಟು ಏರಿದ ವರ್ಷ ಅದನ್ನ ಸಸಿ ಮಾಡಿ ನೆಟ್ರೆ ಖರ್ಚು ತುಂಬಾ ಇಳಿಯುತ್ತೆ.

ಪ್ರಶ್ನೆ: ಗಡ್ಡೆ ಇನ್ನಷ್ಟು ದಪ್ಪ ಆಗ್ಲಿ ಅಂತ ಕೀಳೋ ಮುಂಚೆ ಯೂರಿಯಾ ಕೊಟ್ವಿ, ದಪ್ಪ ಆಯ್ತು, ಆದ್ರೆ ಶೆಡ್‌ನಲ್ಲಿ ಒಂದೂವರೆ ತಿಂಗಳೂ ನಿಲ್ಲಲಿಲ್ಲ.
– ಚಳ್ಳಕೆರೆಯ ಓದುಗರು

ಉತ್ತರ: ಕೊನೇಲಿ ಯೂರಿಯಾ ಕೊಟ್ರೆ ಕುತ್ತಿಗೆ ದಪ್ಪ ಆಗಿ ಹಸಿಯಾಗೇ ಉಳಿಯುತ್ತೆ, ಕೊಳೆ ಒಳಗೆ ಇಳಿಯೋದು ಅಲ್ಲಿಂದಾನೇ. ಯೂರಿಯಾ ಏನಿದ್ರೂ ನೆಟ್ಟ ಒಂದೂವರೆ ತಿಂಗಳೊಳಗೆ ಮುಗಿಸಿ. ಅರ್ಧದಷ್ಟು ಗಿಡಗಳ ಕುತ್ತಿಗೆ ತಾನಾಗೇ ಬಗ್ಗೋವರೆಗೂ ಕಾಯಿರಿ, ಕೀಳೋ 10-15 ದಿನ ಮುಂಚೆ ನೀರು ನಿಲ್ಲಿಸಿ. ಕಿತ್ತದ್ದನ್ನ ಒಂದರ ಗರಿ ಇನ್ನೊಂದರ ಗಡ್ಡೆ ಮುಚ್ಚೋ ಹಾಗೆ ಹೊಲದಲ್ಲೇ ನಾಲ್ಕೈದು ದಿನ ಹಾಸಿ, ಆಮೇಲೆ ಗಡ್ಡೆ ಮೇಲೆ ಒಂದಿಂಚು ಬಿಟ್ಟು ಗರಿ ಕತ್ತರಿಸಿ ನೆರಳಲ್ಲಿ ಇನ್ನೊಂದು ವಾರ-ಹತ್ತು ದಿನ ಆರಿಸಿ. ಕುತ್ತಿಗೆ ಹಿಚುಕಿದ್ರೆ ಕಾಗದದ ಥರ ಸದ್ದಾಗಬೇಕು, ಅಲ್ಲಿವರೆಗೂ ಶೆಡ್ಡಿಗೆ ಹಾಕಬೇಡಿ.