ಕಾಲೇಜಿನಲ್ಲಿ ಲೇಡಿ ರೆಪ್ (ವಿದ್ಯಾರ್ಥಿನಿಯರ ಪ್ರತಿನಿಧಿ) ಆಗಿದ್ದೇನೆ, ಹುಡುಗಿಯರ ಪರವಾಗಿ ನಿಜಕ್ಕೂ ಏನು ಮಾಡಬಹುದು?

ರಂಗೋಲಿ ಸ್ಪರ್ಧೆಗೆ, ಅತಿಥಿಗಳಿಗೆ ಹೂಗುಚ್ಛ ಕೊಡುವುದಕ್ಕೆ ಮಾತ್ರ ನಿಮ್ಮನ್ನು ಕರೆಯುತ್ತಾರೆ ಅಂತ ಬರೆದಿದ್ದೀರಿ. ನಾನೂ ಮಡಿಕೇರಿಯಲ್ಲಿ ಡಿಗ್ರಿ ಓದುವಾಗ ಲೇಡಿ ರೆಪ್ ಆಗಿದ್ದೆ. ವೋಟಿನಿಂದ ಬಂದಿರಲಿ, ಮಾರ್ಕ್ಸ್ ನೋಡಿ ಆರಿಸಿರಲಿ, ಈ ಹುದ್ದೆಗೆ ಅಧಿಕಾರ ಅಂತ ಹೆಚ್ಚೇನೂ ಇಲ್ಲ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಅರ್ಜಿ ಮಾಡಿ. ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಆಫೀಸಿನ ಸೀಲು, ತಾರೀಕು ಹಾಕಿಸಿಕೊಂಡು ಬನ್ನಿ.

ಏನು ಕೇಳಬೇಕು ಅನ್ನುವುದು ಮೀಟಿಂಗಿನಲ್ಲಿ ಗೊತ್ತಾಗುವುದಿಲ್ಲ. ಹುಡುಗರು, ಮೇಷ್ಟ್ರುಗಳು ಕೂತಿರುವಾಗ ಯಾರು ಬಾಯಿ ಬಿಡುತ್ತಾರೆ ಹೇಳಿ? ನಮಗೆ ಗೊತ್ತಾಗಿದ್ದು ಬಸ್ ಸ್ಟ್ಯಾಂಡಿನಲ್ಲಿ. ಸಂಜೆ ಸ್ಪೆಷಲ್ ಕ್ಲಾಸ್ ಇಟ್ಟರೆ ಚೆಟ್ಟಳ್ಳಿ, ಸಿದ್ದಾಪುರ ಕಡೆಯವರಿಗೆ ಬಸ್ ತಪ್ಪುತ್ತಿತ್ತು. ಮುಂದಿನ ಬಸ್ಸಿಗೆ ಹೋದರೆ ಇಳಿದ ಮೇಲೆ ಲೈನ್ ಮನೆ (ತೋಟದ ಕೆಲಸಗಾರರ ಸಾಲುಮನೆ) ತನಕ ಕಾಫಿ ತೋಟದೊಳಗೆ ಕತ್ತಲಲ್ಲಿ ನಡೆಯಬೇಕು. ಆನೆ ಓಡಾಡುವ ಜಾಗ ಬೇರೆ. ಮನೆಯಲ್ಲಿ ‘ಓದಿದ್ದು ಸಾಕು’ ಅನ್ನುವ ಮಾತು ಶುರುವಾಗುವುದೇ ಇಂಥ ಸಂಜೆಗಳಲ್ಲಿ.

ನೋಟ್‌ಬುಕ್ ಹಾಳೆಗೆ ಗೆರೆ ಎಳೆದೆವು. ಊರು, ಬಸ್ ಹೊರಡುವ ಹೊತ್ತು, ಇಳಿದ ಮೇಲೆ ಎಷ್ಟು ನಡಿಗೆ, ಜೊತೆಗೆ ಯಾರಾದರೂ ಇರುತ್ತಾರಾ. ಇಷ್ಟೇ. ಹೆಸರು ಬರೆಯಲಿಲ್ಲ. ಪ್ರಿನ್ಸಿಪಾಲರು ನೋಡಿ ‘ಇಷ್ಟೊಂದು ಜನಾನಾ?’ ಅಂದರು. ಸ್ಪೆಷಲ್ ಕ್ಲಾಸ್ ಬೆಳಗ್ಗೆಗೆ ಬಂತು. ಹುಡುಗರಿಗೂ ಖುಷಿ, ಸಂಜೆಯ ಕ್ರಿಕೆಟ್ ಉಳಿಯಿತಲ್ಲ! 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಚಿಂತೆ ಇಲ್ಲ, ನಿಜ. ಆದರೆ ನಮ್ಮಲ್ಲಿ ಖಾಸಗಿ ಬಸ್ಸೇ ಗತಿ ಅನ್ನುವ ರೂಟುಗಳೂ ಇವೆ. ಆ ಊರುಗಳದ್ದು ಬೇರೆ ಪಟ್ಟಿ ಮಾಡಿ, ಸರ್ಕಾರಿ ಬಸ್ ಬಿಡಿ ಅಂತ ಡಿಪೋಗೆ ಅರ್ಜಿ ಕೊಡಿ.

ಟಾಯ್ಲೆಟ್ಟಿನ ಚಿಲಕ, ಬಲ್ಬು, ಪ್ಯಾಡ್ ಹಾಕುವ ಮುಚ್ಚಳದ ಡಬ್ಬ, ಕಕ್ಕಡದ (ಆಟಿ ತಿಂಗಳ) ಜೋರು ಮಳೆಯಲ್ಲಿ ನೆಂದು ಬಂದವರಿಗೆ ಬಟ್ಟೆ ಬದಲಿಸಲು ಒಂದು ಕೋಣೆ. ಇದನ್ನೆಲ್ಲ ಕೇಳಲು ಸಂಕೋಚ ಬೇಡ.

ಲೈಂಗಿಕ ಕಿರುಕುಳದ ವಿಷಯ ಬಂದರೆ ಮಾತ್ರ ನೀವೇ ಪಂಚಾಯಿತಿ ಮಾಡಲು ಹೋಗಬೇಡಿ. ‘ಸಾರಿ ಕೇಳಿಸಿ ಮುಗಿಸೋಣ’ ಅನ್ನುವವರು ಬಂದೇ ಬರುತ್ತಾರೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ನಿಯಮದ ಪ್ರಕಾರ ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಬೇಕು, ಅದರ ಅಧ್ಯಕ್ಷೆ ಹಿರಿಯ ಅಧ್ಯಾಪಕಿ ಆಗಿರಬೇಕು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಮೂವರು ವಿದ್ಯಾರ್ಥಿ ಸದಸ್ಯರೂ ಬೇಕು, ಅವರನ್ನು ಚುನಾಯಿಸಿಯೇ ತೆಗೆದುಕೊಳ್ಳಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ನಿಮ್ಮ ಕಾಲೇಜಿನ ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿ, ಹೆಸರು, ಫೋನ್ ನಂಬರು ನೋಟಿಸ್ ಬೋರ್ಡಿಗೆ ಹಾಕಿಸಿ. ಬಹಳ ಕಡೆ ಆ ಸಮಿತಿ ಫೈಲಿನಲ್ಲಿ ಮಾತ್ರ ಇರುತ್ತದೆ.

ಇನ್ನೊಂದು, ಯಾರು ಏನು ಹೇಳಿದರೂ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ನಮ್ಮೂರು ಗೊತ್ತಲ್ಲ, ಮನೆತನದ ಹೆಸರು ಒಂದು ಕಿವಿಗೆ ಬಿದ್ದರೆ ಸಂಜೆಯೊಳಗೆ ಅವಳ ಮನೆಗೆ ಸುದ್ದಿ ಮುಟ್ಟಿರುತ್ತದೆ. ಆಮೇಲೆ ಕಾಲೇಜು ಬಿಡುವುದು ಅವಳೇ, ಕಾಟ ಕೊಟ್ಟವನಲ್ಲ. ದೂರುದಾರರ ಹೆಸರು ಹೊರಗೆ ಬರಬಾರದು ಅಂತ ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನೂ ಹೇಳುತ್ತದೆ. ನೀವು ಮಾಡಬೇಕಾದ್ದು ಬರೆಯಲು ನೆರವು, ಕೊಡುವಾಗ ಜೊತೆ.

ನಿಮ್ಮದು ಸರ್ಕಾರಿ ಕಾಲೇಜಾ, ಖಾಸಗಿಯಾ ಅಂತ ಬರೆದಿಲ್ಲ. ಸರ್ಕಾರಿ ಆದರೆ ಶಾಸಕರ ಅಧ್ಯಕ್ಷತೆಯಲ್ಲಿ ಕಾಲೇಜು ಅಭಿವೃದ್ಧಿ ಸಮಿತಿ ಇರುತ್ತದೆ. ಟಾಯ್ಲೆಟ್, ಕೋಣೆಯಂಥ ಖರ್ಚಿನ ಅರ್ಜಿಗಳ ಇನ್ನೊಂದು ಪ್ರತಿ ಅಲ್ಲಿಗೂ ಹೋಗಲಿ. ಮೀಟಿಂಗ್ ಯಾವತ್ತು ಅಂತ ಆಫೀಸಿನಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ.